ನಿಂಬೆ ಬ್ಯಾಟರಿಯಲ್ಲಿ ವೋಲ್ಟ್ ಇದೆ, ಎಲ್ಇಡಿ ಹತ್ತುತ್ತಿಲ್ಲ: ದೋಷ ಹುಡುಕುವುದು ಹೇಗೆ?

ಮೀಟರ್ ಹಿಡಿದರೆ ಮೂರೂವರೆ ವೋಲ್ಟ್ ಇದೆ. ಎಲ್ಇಡಿ ಮಾತ್ರ ಹತ್ತುವುದಿಲ್ಲ. ಫೆಬ್ರವರಿ 28ರ ವಿಜ್ಞಾನ ದಿನ ಹತ್ತಿರ ಬಂತೆಂದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಾರವಾರ, ಅಂಕೋಲಾ, ಶಿರಸಿ ಕಡೆಯ ಮಕ್ಕಳಿಂದ ಜಾಸ್ತಿ ಕೇಳಿಬರುವ ದೂರು ಇದೇ. ನಿಂಬೆಹಣ್ಣು, ಮೊಳೆ, ತಾಮ್ರದ ತಂತಿ ಎಲ್ಲವೂ ಇರುತ್ತದೆ. ಕೆಲಸ ಮಾಡದಿದ್ದಾಗ ಇಡೀ ಸಾಲನ್ನು ಕಿತ್ತು ಮತ್ತೆ ಮೊದಲಿಂದ ಕಟ್ಟುತ್ತಾರೆ. ಹಾಗೆ ಮಾಡಿದರೆ ಹಳೆಯ ದೋಷ ಹೊಸ ಜೋಡಣೆಯೊಳಗೂ ಬಂದು ಕೂರುತ್ತದೆ. ಅಕಸ್ಮಾತ್ ಹತ್ತಿದರೂ ಮೊದಲು ಯಾಕೆ ಹತ್ತಲಿಲ್ಲ ಎಂದು ಗೊತ್ತಾಗುವುದಿಲ್ಲ.

ಕಿತ್ತು ಕಟ್ಟುವ ಬದಲು ಹೀಗೆ ಮಾಡಿ. ಸಾಲಿನಿಂದ ಒಂದೇ ಒಂದು ಸೆಲ್, ಅಂದರೆ ಒಂದು ಮೊಳೆ, ಒಂದು ತಾಮ್ರದ ತಂತಿ ಚುಚ್ಚಿದ ಒಂದು ಹಣ್ಣು, ಬೇರೆ ಮಾಡಿ. ಅದರ ವೋಲ್ಟೇಜನ್ನು ಎರಡು ಸಲ ಅಳೆಯಿರಿ. ಒಮ್ಮೆ ಸುಮ್ನೆ, ಇನ್ನೊಮ್ಮೆ ಲೋಡ್ ಹಾಕಿ, ಅಂದರೆ ಕರೆಂಟ್ ಎಳೆಯುವ ಒಂದು ರೆಸಿಸ್ಟರ್ ಜೋಡಿಸಿ. ಈ ಎರಡು ಅಂಕಿಗಳು ಸಿಕ್ಕರೆ ದೋಷ ಲೋಹದಲ್ಲಿದೆಯೋ, ರಸದಲ್ಲಿದೆಯೋ, ಜೋಡಣೆಯಲ್ಲಿದೆಯೋ ಎಂದು ಬೇಗ ತಿಳಿಯುತ್ತದೆ. ಬೇಕಾಗುವುದು ಒಂದು ಸಾದಾ ಮಲ್ಟಿಮೀಟರ್ ಮತ್ತು ರೇಡಿಯೊ ರಿಪೇರಿ ಅಂಗಡಿಯಲ್ಲಿ ಸಿಗುವ 1 ಕಿಲೋ ಓಮ್ ರೆಸಿಸ್ಟರ್. ಅದರ ಮೇಲೆ ಕಂದು, ಕಪ್ಪು, ಕೆಂಪು ಪಟ್ಟೆಗಳು ಇರುತ್ತವೆ, ಕೊನೆಗೊಂದು ಬಂಗಾರದ ಬಣ್ಣದ ಪಟ್ಟೆ.

ಕರೆಂಟ್ ಕೊಡುವುದು ಯಾವುದು?

ಇದು ಸ್ಪಷ್ಟವಾಗದಿದ್ದರೆ ಜನ ತಪ್ಪು ಜಾಗದಲ್ಲಿ ದೋಷ ಹುಡುಕುತ್ತಾರೆ. ಕರೆಂಟ್ ನಿಂಬೆಯಿಂದ ಬರುವುದಿಲ್ಲ. ಅದನ್ನು ಕೊಡುವುದು ಸತು. ಹುಳಿ ರಸದಲ್ಲಿ ಸತು ಕರಗುತ್ತಾ ಎಲೆಕ್ಟ್ರಾನುಗಳನ್ನು ಬಿಡುತ್ತದೆ. ಅವು ಹೊರಗಿನ ತಂತಿಯ ಮೂಲಕ ತಾಮ್ರದ ಕಡೆಗೆ ಹೋಗುತ್ತವೆ. ಅಲ್ಲಿ ರಸದಲ್ಲಿರುವ ಹೈಡ್ರೋಜನ್ ಅಯಾನುಗಳು ಅವನ್ನು ತೆಗೆದುಕೊಂಡು ಹೈಡ್ರೋಜನ್ ಅನಿಲವಾಗುತ್ತವೆ. ತಾಮ್ರ ಬಹುತೇಕ ಹಾಗೇ ಉಳಿಯುತ್ತದೆ. ಖರ್ಚಾಗುವುದು ಸತು ಮತ್ತು ರಸದ ಹುಳಿ.

ಲೆಕ್ಕದ ಪ್ರಕಾರ 1 ಗ್ರಾಂ ಸತು ಪೂರ್ತಿ ಕರಗಿದರೆ ಸುಮಾರು 820 ಮಿಲಿಆಂಪ್-ಗಂಟೆ ಕೊಡಬೇಕು. ನಿಜವಾಗಿ ಅಷ್ಟು ಸಿಗುವುದಿಲ್ಲ. ತಂತಿ ಜೋಡಿಸದೇ ಇಟ್ಟಾಗಲೂ ಹುಳಿ ಸತುವನ್ನು ತಿನ್ನುತ್ತಲೇ ಇರುತ್ತದೆ. ಮೊಳೆಯ ಸುತ್ತ ಸಣ್ಣ ಗುಳ್ಳೆ ಬರುವುದು ಇದಕ್ಕೇ. ಹಾಗಾಗಿ ಪ್ರದರ್ಶನದ ಹಿಂದಿನ ರಾತ್ರಿಯೇ ಮೊಳೆ ಚುಚ್ಚಿಡಬೇಡಿ.

ಮೊದಲು ಮೀಟರನ್ನೇ ಪರೀಕ್ಷಿಸಿ

ಗೋಡೆ ಗಡಿಯಾರದ ಒಂದು ಸೆಲ್ ತೆಗೆದು ಅಳೆಯಿರಿ. 1.3ರಿಂದ 1.6ರ ಒಳಗೆ ಬಂದರೆ ಮೀಟರ್ ಸರಿ ಇದೆ. ಗುಂಡಿ ಡಿಸಿ 20 ವೋಲ್ಟ್ ಅಥವಾ 2 ವೋಲ್ಟ್ ಜಾಗದಲ್ಲಿರಬೇಕು. ಎಸಿ ಕಡೆಗೆ ತಿರುಗಿಸಿದ್ದರೆ ಅಂಕಿಗೆ ಅರ್ಥವಿಲ್ಲ. ಕೆಂಪು ಪ್ರೋಬ್ 10 ಆಂಪ್ ತೂತಿನಲ್ಲಿ ಸಿಕ್ಕಿಕೊಂಡಿದ್ದರೂ ವೋಲ್ಟ್ ಸೊನ್ನೆಯೇ. ಮೈನಸ್ ಗುರುತು ಬಂದರೆ ಗಾಬರಿ ಬೇಡ, ಪ್ರೋಬ್ ಅದಲುಬದಲಾಗಿದೆ ಅಷ್ಟೆ. ತಾಮ್ರ ಪ್ಲಸ್, ಸತು ಮೈನಸ್.

ಒಂದೇ ಸೆಲ್, ಲೋಡ್ ಇಲ್ಲದೆ

ನಿಂಬೆಹಣ್ಣು, ಸತು, ತಾಮ್ರ ಮೂರೂ ಸರಿ ಇದ್ದರೆ ಒಂದು ಸೆಲ್ 0.9ರಿಂದ 1 ವೋಲ್ಟ್ ತೋರಿಸುತ್ತದೆ. ಹಣ್ಣು ದೊಡ್ಡದಾದರೆ ವೋಲ್ಟ್ ಜಾಸ್ತಿ ಆಗುವುದಿಲ್ಲ. ಶಿರಸಿ ಕಡೆಯ ದೊಡ್ಡ ಕಂಚಿಕಾಯಿಗೂ ಪುಟ್ಟ ನಿಂಬೆಗೂ ಹೆಚ್ಚುಕಡಿಮೆ ಒಂದೇ ವೋಲ್ಟ್. ಅದನ್ನು ಬಹುಪಾಲು ತೀರ್ಮಾನಿಸುವುದು ಲೋಹಗಳ ಜೋಡಿ.

ಸೊನ್ನೆ ಬಂದರೆ ಹಣ್ಣಿನೊಳಗೆ ಮೊಳೆಯೂ ತಂತಿಯೂ ಒಂದಕ್ಕೊಂದು ತಾಗಿರಬಹುದು. ಓರೆಯಾಗಿ ಚುಚ್ಚಿದಾಗ ಹೊರಗೆ ಎರಡು ಬೆರಳು ದೂರ ಕಂಡರೂ ಒಳಗೆ ತುದಿಗಳು ಮುಟ್ಟಿಕೊಂಡಿರುತ್ತವೆ. ಒಂದನ್ನು ಕಿತ್ತು ನೆಟ್ಟಗೆ ಚುಚ್ಚಿ. ಆಗಲೂ ಸೊನ್ನೆ ಎಂದಾದರೆ ತಾಮ್ರದ ತಂತಿಯ ಮೇಲೆ ಅನುಮಾನ ಪಡಿ. ಪಂಪ್‌ಸೆಟ್ ಮೋಟರಿನ ವೈಂಡಿಂಗ್ ತಂತಿ ನೋಡಲು ಅಚ್ಚ ತಾಮ್ರ. ಆದರೆ ಅದರ ಮೇಲೆ ಇನಾಮಲ್ ಎಂಬ ತೆಳು ವಾರ್ನಿಶ್ ಇರುತ್ತದೆ. ಅದು ಕರೆಂಟ್ ಬಿಡುವುದಿಲ್ಲ. ರಸದಲ್ಲಿ ಮುಳುಗುವ ಭಾಗವನ್ನೂ ಕ್ಲಿಪ್ ಕಚ್ಚುವ ಭಾಗವನ್ನೂ ಪಾಲಿಶ್ ಪೇಪರಿನಿಂದ ಚೆನ್ನಾಗಿ ಉಜ್ಜಿ. ಬಣ್ಣ ಕಡುಗೆಂಪಿನಿಂದ ತಿಳಿ ಗುಲಾಬಿಗೆ ತಿರುಗಿದರೆ ವಾರ್ನಿಶ್ ಹೋಯಿತೆಂದು ಅರ್ಥ.

0.5 ವೋಲ್ಟಿನ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ ಬಂದರೆ ಮೊಳೆಯಲ್ಲಿ ಸತು ಇಲ್ಲ. ಈ ದೋಷ ತುಂಬ ಸಾಮಾನ್ಯ. ಅದಕ್ಕೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ “ಅಣ್ಣಾ, ಬ್ಯಾಟರಿ ಮಾಡಲಿಕ್ಕೆ ಮೊಳೆ ಕೊಡಿ” ಅಂದರೆ ಅವರು ಹೊಳೆಯುವ ಸಾದಾ ತಂತಿ ಮೊಳೆ ಕೊಡುತ್ತಾರೆ. ಅದು ಬರೀ ಕಬ್ಬಿಣ. ಹೊಳಪಿದ್ದ ಮಾತ್ರಕ್ಕೆ ಸತು ಇದೆ ಎನ್ನುವ ಹಾಗಿಲ್ಲ. ಬಿಸಿ ಸತುವಿನಲ್ಲಿ ಅದ್ದಿದ ಮೊಳೆ ಮಂಕಾದ ಬೂದು ಬಣ್ಣದ್ದು, ಮುಟ್ಟಿದರೆ ಸ್ವಲ್ಪ ಒರಟು. ಮಾಡಿನ ಶೀಟಿಗೆ ಹೊಡೆಯುವ ಜಿಐ ಮೊಳೆ ಕೇಳಿ. ಇಲ್ಲವೇ ಬೇಲಿಗೂ ಬಟ್ಟೆ ಒಣಗಿಸುವುದಕ್ಕೂ ಕಟ್ಟುವ ಜಿಐ ತಂತಿ ಕೇಳಿ. ಸರಳುಗಳನ್ನು ಬಿಗಿಯುವ ಕಪ್ಪು ಬೈಂಡಿಂಗ್ ತಂತಿ ಬೇಡ, ಅದರಲ್ಲಿ ಸತು ಇಲ್ಲ.

ಜಿಐ ಮೊಳೆಯಲ್ಲೂ ಸತು ಇರುವುದು ಮೇಲಿನ ತೆಳು ಪದರದಲ್ಲಿ ಮಾತ್ರ. ಅದು ಕರಗಿ ಮುಗಿದರೆ ಕಬ್ಬಿಣ ಹೊರಗೆ ಕಾಣುತ್ತದೆ, ವೋಲ್ಟ್ ಬೀಳುತ್ತದೆ. ಸತು ಕೆಟ್ಟರೆ ಬಿಳಿ ಪುಡಿ, ಕಬ್ಬಿಣ ಕೆಟ್ಟರೆ ಕೆಂಪು ತುಕ್ಕು. ಮೊಳೆಯ ಮೇಲೆ ಕೆಂಪು ಕಂಡರೆ ಅದನ್ನು ಬದಲಿಸಿ. ಸತು ಮೊಳೆಯನ್ನು ಪಾಲಿಶ್ ಪೇಪರಿನಿಂದ ಜೋರಾಗಿ ಉಜ್ಜಬೇಡಿ. ತಾಮ್ರಕ್ಕೆ ಉಜ್ಜಿದ ಹಾಗೆ ಇದಕ್ಕೂ ಉಜ್ಜಿದರೆ ಬೇಕಾದ ಪದರವೇ ಹೋಗುತ್ತದೆ. ಬಿಳಿ ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.

ಗಟ್ಟಿ ಸತು ಸಿಕ್ಕರೆ ಇನ್ನೂ ಒಳ್ಳೆಯದು. ಕರಾವಳಿಯವರಿಗೆ ಇದರಲ್ಲಿ ಒಂದು ಅನುಕೂಲ ಇದೆ. ಉಪ್ಪು ನೀರಿನಲ್ಲಿ ಓಡಾಡುವ ಎಷ್ಟೋ ಬೋಟುಗಳ ತಳದಲ್ಲಿ, ಪ್ರೊಪೆಲರ್ ಹತ್ತಿರ ಸತುವಿನ ಗಟ್ಟಿ ಕಟ್ಟಿರುತ್ತಾರೆ. ಕಬ್ಬಿಣ, ಕಂಚು, ಸಮುದ್ರದ ನೀರು ಸೇರಿದರೆ ಅಲ್ಲೂ ಒಂದು ಬ್ಯಾಟರಿ ಆಗುತ್ತದೆ. ಸತು ಇಲ್ಲದಿದ್ದರೆ ಬೋಟಿನ ಕಬ್ಬಿಣವೇ ಸವೆಯುತ್ತಿತ್ತು. ಸತು ತಾನು ಕರಗಿ ಅದನ್ನು ಉಳಿಸುತ್ತದೆ. ಬೈತಖೋಲದಂಥ ಬಂದರಿನಲ್ಲಿ ಬೋಟ್ ರಿಪೇರಿ ಮಾಡುವವರನ್ನು ವಿಚಾರಿಸಿ. ಸವೆದು ತೆಗೆದ ತುಂಡು ಸಿಕ್ಕರೆ ಶಾಲೆಯ ಎಷ್ಟೋ ಪ್ರಯೋಗಗಳಿಗೆ ಸಾಕು. ಹಳೆಯ ಸಾದಾ ಟಾರ್ಚ್ ಸೆಲ್ಲಿನ ಡಬ್ಬಿಯೂ ಸತುವೇ. ಆದರೆ ಅದನ್ನು ದೊಡ್ಡವರೇ ಬಿಚ್ಚಬೇಕು. ಆಲ್ಕಲೈನ್ ಎಂದು ಬರೆದ ಸೆಲ್ಲನ್ನು, ಮೊಬೈಲಿನ ಲಿಥಿಯಂ ಬ್ಯಾಟರಿಯನ್ನು, ಗುಂಡಿ ಸೆಲ್ಲನ್ನು ಯಾವ ಕಾರಣಕ್ಕೂ ಕತ್ತರಿಸಬೇಡಿ. ಆಲ್ಕಲೈನ್ ಸೆಲ್ಲಿನ ಕ್ಷಾರ ಚರ್ಮ ಮತ್ತು ಕಣ್ಣನ್ನು ಸುಡುತ್ತದೆ. ಲಿಥಿಯಂ ಬ್ಯಾಟರಿಗೆ ಬೆಂಕಿಯೇ ಹತ್ತಬಹುದು.

ತಾಮ್ರದ ಬಗ್ಗೆಯೂ ಒಂದು ಮಾತು. ಬೇರೆ ದೇಶದ ವಿಡಿಯೊ ನೋಡಿ ನಾಣ್ಯ ಚುಚ್ಚುವವರಿದ್ದಾರೆ. ನಮ್ಮ ಈಗಿನ 1 ಮತ್ತು 2 ರೂಪಾಯಿ ನಾಣ್ಯ ಸ್ಟೇನ್‌ಲೆಸ್ ಸ್ಟೀಲ್. ಅದು ತಾಮ್ರದ ಕೆಲಸ ಮಾಡುವುದಿಲ್ಲ. ಅಗ್ಗದ ವೈರುಗಳಲ್ಲಿ ಅಲ್ಯೂಮಿನಿಯಂ ಎಳೆಗೆ ತಾಮ್ರದ ಹೊದಿಕೆ ಮಾತ್ರ ಇರುತ್ತದೆ. ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ಬೇಡ. ಮನೆ ವೈರಿಂಗಿನ ದಪ್ಪ ಒಂಟಿ ಎಳೆಯ ತಂತಿ, ತಾಮ್ರದ ತಗಡಿನ ಚೂರು, ಪೂಜೆಯಿಂದ ತೆಗೆದಿಟ್ಟ ಹಳೆಯ ತಾಮ್ರದ ಚಮಚ ಎಲ್ಲ ಆಗುತ್ತದೆ. ಕರಾವಳಿಯ ಗಾಳಿಗೆ ತಾಮ್ರ ಬೇಗ ಕಪ್ಪಾಗುತ್ತದೆ, ಕಿಲುಬು ಹಿಡಿಯುತ್ತದೆ. ದೇವರ ಕೊಡಪಾನ ತೊಳೆಯುವಂತೆ ಹುಣಸೆಹಣ್ಣು ಉಪ್ಪು ಹಾಕಿ ತಿಕ್ಕಿ, ನೀರಿನಲ್ಲಿ ತೊಳೆದು ಒರೆಸಿ.

ಸತುವಿನ ಬದಲು ಅಲ್ಯೂಮಿನಿಯಂ ಫಾಯಿಲ್ ಹಾಕಿದ್ದರೆ ವೋಲ್ಟ್ ಕಡಿಮೆ ಇರುತ್ತದೆ, ನಿಲ್ಲುವುದೂ ಇಲ್ಲ. ಅದರ ಮೇಲೆ ತಾನಾಗಿ ಬೆಳೆಯುವ ಆಕ್ಸೈಡ್ ಪದರ ಅಡ್ಡ ಬರುತ್ತದೆ. ಉಪ್ಪು ಸೇರಿಸಿದರೆ ಪದರ ಒಡೆದು ಸ್ವಲ್ಪ ಸುಧಾರಿಸುತ್ತದೆ. ಚಿಪ್ಸ್, ಬಿಸ್ಕತ್ತಿನ ಪೊಟ್ಟಣದ ಬೆಳ್ಳಿ ಹಾಳೆ ಮಾತ್ರ ಬೇಡವೇ ಬೇಡ. ಅದು ಪ್ಲಾಸ್ಟಿಕ್.

ಈಗ ಲೋಡ್ ಹಾಕಿ ಅಳೆಯಿರಿ

ಇದು ಮುಖ್ಯ ಪರೀಕ್ಷೆ. ಹೆಚ್ಚಿನವರು ಇದನ್ನು ಮಾಡುವುದೇ ಇಲ್ಲ.

ಡಿಜಿಟಲ್ ಮೀಟರ್ ವೋಲ್ಟ್ ಅಳೆಯುವಾಗ ಸೆಲ್ಲಿನಿಂದ ಕರೆಂಟ್ ಎಳೆಯುವುದೇ ಇಲ್ಲ ಎನ್ನಬಹುದು. ಮೀಟರಿನ ರೋಧ (ಕರೆಂಟಿಗೆ ಒಡ್ಡುವ ತಡೆ) ಸಾಮಾನ್ಯವಾಗಿ 10 ಲಕ್ಷ ಓಮ್ ಅಥವಾ ಅದಕ್ಕಿಂತ ಜಾಸ್ತಿ. ಹಾಗಾಗಿ ಶಕ್ತಿಯೇ ಇಲ್ಲದ ಸೆಲ್ಲೂ ಅದಕ್ಕೆ 0.9 ವೋಲ್ಟ್ ತೋರಿಸಿ ಪಾಸಾಗುತ್ತದೆ. ಎಲ್ಇಡಿ ಹಾಗಲ್ಲ, ಅದಕ್ಕೆ ಕರೆಂಟ್ ಬೇಕು. ಮಲೆನಾಡಿನ ಮನೆಗೆ ಗುಡ್ಡದ ಒರತೆಯಿಂದ ಪೈಪ್ ಹಾಕಿ ನೀರು ತರುತ್ತಾರಲ್ವಾ? ಒರತೆ ಎಷ್ಟೇ ಎತ್ತರದಲ್ಲಿರಲಿ, ಪೈಪು ಪೆನ್ಸಿಲಿನಷ್ಟು ಸಣ್ಣದಾದರೆ ಕೊಡಪಾನ ತುಂಬುವುದಿಲ್ಲ. ವೋಲ್ಟ್ ಆ ಎತ್ತರ. ಪೈಪಿನ ಇಕ್ಕಟ್ಟು ಸೆಲ್ಲಿನ ಆಂತರಿಕ ರೋಧ.

ಸೆಲ್ಲಿನ ಎರಡು ತುದಿಗೆ 1 ಕಿಲೋ ಓಮ್ ರೆಸಿಸ್ಟರ್ ಜೋಡಿಸಿ. ಅದು ಅಲ್ಲೇ ಇರುವಾಗ, ಅದರ ಎರಡು ಕಾಲುಗಳ ನಡುವೆ ವೋಲ್ಟ್ ಅಳೆಯಿರಿ. ಮೊದಲು 0.9 ಇದ್ದದ್ದು ಈಗ 0.45ಕ್ಕೆ ಇಳಿದರೆ ಸೆಲ್ಲಿನ ಆಂತರಿಕ ರೋಧವೂ 1 ಕಿಲೋ ಓಮ್. ಹಣ್ಣಿಗೆ ಮೊಳೆ ಚುಚ್ಚಿದ ಸೆಲ್ಲಿನಲ್ಲಿ ಇದು ಸಹಜ. 0.1ಕ್ಕೆ ಇಳಿದರೆ ಆಂತರಿಕ ರೋಧ 8 ಕಿಲೋ ಓಮ್. ಲೆಕ್ಕ ಸುಲಭ: ಎಷ್ಟು ವೋಲ್ಟ್ ಇಳಿಯಿತೋ ಅದನ್ನು ಉಳಿದ ವೋಲ್ಟಿನಿಂದ ಭಾಗಿಸಿ. ಬಂದದ್ದು ಕಿಲೋ ಓಮಿನಲ್ಲಿ ಉತ್ತರ.

ಈಗ ಶುರುವಿನ ದೂರಿಗೆ ಈ ಲೆಕ್ಕ ಹಾಕೋಣ. ನಾಲ್ಕು ಸೆಲ್ ಸರಣಿಯಲ್ಲಿ, ಅಂದರೆ ಒಂದರ ಹಿಂದೊಂದು ಜೋಡಿಸಿವೆ, ಒಟ್ಟು 3.6 ವೋಲ್ಟ್. ಕೆಂಪು ಎಲ್ಇಡಿ 1.8 ವೋಲ್ಟ್ ತಾನು ಇಟ್ಟುಕೊಳ್ಳುತ್ತದೆ. ಉಳಿದದ್ದು 1.8. ಪ್ರತಿ ಸೆಲ್ಲಿನ ರೋಧ 1 ಕಿಲೋ ಓಮ್ ಆದರೆ ಒಟ್ಟು 4 ಕಿಲೋ ಓಮ್. ಕರೆಂಟ್ 0.45 ಮಿಲಿಆಂಪ್. ಎಲ್ಇಡಿ ಮಂಕಾಗಿಯಾದರೂ ಹತ್ತುತ್ತದೆ. ಪ್ರತಿ ಸೆಲ್ 8 ಕಿಲೋ ಓಮ್ ಆದರೆ ಒಟ್ಟು 32. ಕರೆಂಟ್ 0.06 ಮಿಲಿಆಂಪ್ ಕೂಡ ಇಲ್ಲ. ಹಗಲಿನ ಬೆಳಕಿನಲ್ಲಿ ಅದು ಹತ್ತಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಎರಡೂ ಕಡೆ ಮೀಟರ್ ತೋರಿಸಿದ್ದು ಅದೇ 3.6 ವೋಲ್ಟ್! ಕೆಲಸ ಮಾಡುವ ಬ್ಯಾಟರಿಯನ್ನೂ ಮಾಡದ ಬ್ಯಾಟರಿಯನ್ನೂ ಬೇರೆ ಮಾಡಿ ತೋರಿಸಿದ್ದು ರೆಸಿಸ್ಟರ್.

ರೋಧ ಜಾಸ್ತಿ ಇದ್ದರೆ ಏನು ಮಾಡಬೇಕು? ಲೋಹ ರಸಕ್ಕೆ ತಾಗುವ ಜಾಗ ಹೆಚ್ಚಿಸಿ. ತಂತಿಯ ತುದಿ ಚುಚ್ಚುವ ಬದಲು ತಂತಿಯನ್ನು ಸುರುಳಿ ಮಾಡಿ ಮುಳುಗಿಸಿ, ಅಥವಾ ತಗಡಿನ ಪಟ್ಟಿ ಹಾಕಿ. ಸತುವನ್ನೂ ತಾಮ್ರವನ್ನೂ ಹತ್ತಿರ ತನ್ನಿ, ತಾಗಬಾರದು ಅಷ್ಟೆ. ಹಣ್ಣಾದರೆ ಚುಚ್ಚುವ ಮೊದಲು ನೆಲದ ಮೇಲೆ ಅಂಗೈಯಿಂದ ಒತ್ತಿ ಉರುಳಿಸಿ. ಒಳಗಿನ ತೊಳೆಗಳ ಪೊರೆ ಒಡೆದು ರಸ ಒಂದಾಗುತ್ತದೆ. ಆಲೂಗಡ್ಡೆ ಬಳಸುವವರು ಬೇಯಿಸಿ ಬಳಸಿ. 2010ರಲ್ಲಿ ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ತೋರಿಸಿಕೊಟ್ಟಿದ್ದಾರೆ. 8 ನಿಮಿಷ ಬೇಯಿಸಿದ ಆಲೂಗಡ್ಡೆ ಹಸಿಯದ್ದಕ್ಕಿಂತ ಹತ್ತು ಪಟ್ಟಿನವರೆಗೂ ಹೆಚ್ಚು ಶಕ್ತಿ ಕೊಟ್ಟಿತು. ಬೆಂದಾಗ ಜೀವಕೋಶಗಳ ಪೊರೆ ಒಡೆಯುತ್ತದೆ, ರೋಧ ಇಳಿಯುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಹಣ್ಣು ಬಿಟ್ಟು ಲೋಟಕ್ಕೆ ಬನ್ನಿ. ಹಣ್ಣಿಗೆ ಚುಚ್ಚುವುದು ನೋಡಲು ಚೆಂದ. ಆದರೆ ದೋಷ ಹುಡುಕುವಾಗ ಒಳಗೆ ಏನಾಗುತ್ತಿದೆ ಎಂದು ಕಾಣುವುದಿಲ್ಲ. ಗಾಜಿನ ಲೋಟದಲ್ಲಿ ರಸ ಹಾಕಿ ಎರಡು ಪಟ್ಟಿ ಇಳಿಬಿಟ್ಟರೆ ಎಲ್ಲ ಕಣ್ಣಿಗೆ ಕಾಣುತ್ತದೆ. ಕಲಿಯುವ ಮಗುವಿಗೆ ಇದಕ್ಕಿಂತ ಒಳ್ಳೆಯದು ಇಲ್ಲ.

ರಸ ಯಾವುದು?

ಹುಳಿಗೆ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ. ನಿಂಬೆ, ಹುಣಸೆ, ಮುರುಗಲು, ಬಿಂಬುಳಿ, ವಾಟೆಹುಳಿ, ಉಪ್ಪಾಗೆ ಯಾವುದಾದರೂ ನಡೆಯುತ್ತದೆ. ನಿಂಬೆ ದುಬಾರಿಯಾದ ದಿನಗಳಲ್ಲಿ ಒಣಗಿಸಿಟ್ಟ ಮುರುಗಲು ಸಿಪ್ಪೆ ನೆನೆಸಿದ ನೀರೇ ಸಾಕು. ಸಕ್ಕರೆ ಹಾಕಿದ ಮುರುಗಲು ಶರಬತ್ತು ಬೇಡ. ಸಕ್ಕರೆ ಕರೆಂಟ್ ಸಾಗಿಸುವುದಿಲ್ಲ, ರಸವನ್ನು ಸುಮ್ನೆ ಅಂಟು ಮಾಡುತ್ತದೆ.

ಬರೀ ಉಪ್ಪು ನೀರು ಹಾಕಿದವರ ದೂರು ಬೇರೆ ಥರ. ಶುರುವಿನಲ್ಲಿ ಚೆನ್ನಾಗಿರುತ್ತದೆ, ಸ್ವಲ್ಪ ಹೊತ್ತಿಗೆ ಸೊರಗುತ್ತದೆ. ಉಪ್ಪು ನೀರು ಕರೆಂಟನ್ನು ನಿಂಬೆ ರಸಕ್ಕಿಂತ ಚೆನ್ನಾಗಿ ಸಾಗಿಸುತ್ತದೆ. ಆದರೆ ಅದರಲ್ಲಿ ಹುಳಿ ಇಲ್ಲ, ತಾಮ್ರದ ಕಡೆ ಎಲೆಕ್ಟ್ರಾನುಗಳನ್ನು ತೆಗೆದುಕೊಳ್ಳಲು ಹೈಡ್ರೋಜನ್ ಅಯಾನುಗಳು ಸಾಲುವುದಿಲ್ಲ. ನೀರಿನಲ್ಲಿ ಕರಗಿದ ಆಮ್ಲಜನಕವೇ ಆ ಕೆಲಸ ಮಾಡಬೇಕು. ತಾಮ್ರದ ಸುತ್ತಲಿನ ಆಮ್ಲಜನಕ ಮುಗಿದ ಕೂಡಲೇ ಕರೆಂಟ್ ಇಳಿಯುತ್ತದೆ. ಕಡ್ಡಿಯಿಂದ ಕಲಕಿ ನೋಡಿ. ಕಲಕಿದಾಗ ಏರಿದರೆ ಕಾರಣ ಇದೇ. ಹುಳಿ ಮತ್ತು ಉಪ್ಪು ಎರಡನ್ನೂ ಸೇರಿಸುವುದು ಒಳ್ಳೆಯ ದಾರಿ. ಅರ್ಧ ಲೋಟ ವಿನೆಗರ್ ಅಥವಾ ಹುಳಿ ನೀರಿಗೆ ಒಂದು ಚಮಚ ಉಪ್ಪು. ಸಾಣಿಕಟ್ಟಾದ ಹರಳುಪ್ಪಾದರೂ ಸರಿ, ಅಯೋಡಿನ್ ಹಾಕಿದ ಪುಡಿ ಉಪ್ಪಾದರೂ ಸರಿ. ಬ್ಯಾಟರಿಗೆ ವ್ಯತ್ಯಾಸ ಇಲ್ಲ. ಹರಳುಪ್ಪು ಪೂರ್ತಿ ಕರಗುವವರೆಗೆ ಕಾಯಿರಿ.

ಸಮುದ್ರದ ನೀರಿನಲ್ಲಿ ಬ್ಯಾಟರಿ ಮಾಡುವ ಮಕ್ಕಳಿಗೆ ಒಂದು ಎಚ್ಚರಿಕೆ. ಅರಬ್ಬಿ ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಆದರೆ ಮಳೆಗಾಲದಲ್ಲಿ ಕಾಳಿ ನದಿ ತುಂಬಿ ಹರಿಯುವಾಗ ಕೋಡಿಬಾಗ, ಸದಾಶಿವಗಡದ ಹತ್ತಿರ ತುಂಬಿಸಿದ ನೀರಿನಲ್ಲಿ ಅಷ್ಟು ಉಪ್ಪು ಇರುವುದಿಲ್ಲ. ಹೊನ್ನಾವರದಲ್ಲಿ ಶರಾವತಿ, ಕುಮಟಾ ಕಡೆ ಅಘನಾಶಿನಿ, ಅಲ್ಲೂ ಅದೇ ಕಥೆ. ಬೇಸಿಗೆಯಲ್ಲಿ ಚೆನ್ನಾಗಿ ನಡೆದ ಬ್ಯಾಟರಿ ಆಗಸ್ಟಿನಲ್ಲಿ ಸೋತರೆ ಲೋಹವನ್ನು ಬೈಯುವ ಮೊದಲು ನೀರಿಗೆ ಒಂದು ಚಮಚ ಉಪ್ಪು ಹಾಕಿ ನೋಡಿ. ಲೋಡಿನ ವೋಲ್ಟ್ ತಕ್ಷಣ ಏರಿದರೆ ದೋಷ ನೀರಿನದ್ದೇ.

ಹತ್ತಿ, ಆಮೇಲೆ ಮಂಕಾಗುತ್ತಿದ್ದರೆ

ಹುಳಿ ರಸದ ಸೆಲ್ಲಿನಲ್ಲಿ ಇದಕ್ಕೆ ಕಾರಣ ತಾಮ್ರದ ಮೇಲೆ ಕೂರುವ ಹೈಡ್ರೋಜನ್. ಗುಳ್ಳೆಗಳು ಲೋಹವನ್ನು ಮುಚ್ಚಿಕೊಂಡು ರಸ ತಾಗದಂತೆ ಮಾಡುತ್ತವೆ. ತಾಮ್ರದ ಪಟ್ಟಿಯನ್ನು ಎತ್ತಿ, ಒರೆಸಿ, ಮತ್ತೆ ಇಳಿಬಿಡಿ. ಬೆಳಕು ಮರಳಿ ಬಂದರೆ ರೋಗ ಗೊತ್ತಾಯಿತು.

ಇದು ನಿಮ್ಮ ಕೈಗುಣದ ದೋಷ ಅಲ್ಲ. ಇಟಲಿಯ ವಿಜ್ಞಾನಿ ವೋಲ್ಟಾ 1800ರಲ್ಲಿ ಮಾಡಿದ ಮೊದಲ ಬ್ಯಾಟರಿಗೂ ಈ ತೊಂದರೆ ಇತ್ತು. 1836ರಲ್ಲಿ ಇಂಗ್ಲೆಂಡಿನ ಡೇನಿಯಲ್ ತಾಮ್ರವನ್ನು ಮೈಲುತುತ್ತದ (ಕಾಪರ್ ಸಲ್ಫೇಟ್) ದ್ರಾವಣದಲ್ಲಿಟ್ಟು ಹೈಡ್ರೋಜನ್ ಹುಟ್ಟದ ಹಾಗೆ ಮಾಡಿದರು. 1866ರಲ್ಲಿ ಫ್ರಾನ್ಸಿನ ಲೆಕ್ಲಾಂಶೆ ಮ್ಯಾಂಗನೀಸ್ ಡೈಆಕ್ಸೈಡ್ ಬಳಸಿದರು. ಇವತ್ತಿನ ಸಾದಾ ಟಾರ್ಚ್ ಸೆಲ್ಲಿನ ಕಪ್ಪು ಪುಡಿಯಲ್ಲಿ ಇರುವುದು ಅದೇ. ನಮ್ಮ ಜೋಯಿಡಾ ಕಡೆ ಒಂದು ಕಾಲಕ್ಕೆ ಅಗೆಯುತ್ತಿದ್ದ ಅದಿರೂ ಮ್ಯಾಂಗನೀಸಿನದ್ದೇ. ಮಕ್ಕಳ ಪ್ರಯೋಗಕ್ಕೆ ಇಷ್ಟೆಲ್ಲ ಬೇಡ. ದೊಡ್ಡ ತಾಮ್ರದ ಪಟ್ಟಿ ಹಾಕಿ, ನೋಡುಗರು ಬಂದಾಗ ಮಾತ್ರ ತಂತಿ ಜೋಡಿಸಿ, ನಡುನಡುವೆ ಒರೆಸಿ. ಅಡಿಕೆ ತೋಟದವರ ಮನೆಯಲ್ಲಿ ಬೋರ್ಡೋ ದ್ರಾವಣಕ್ಕೆಂದು ತಂದ ಮೈಲುತುತ್ತ ಇರುತ್ತದೆ. ಅದು ವಿಷ. ಶಿಕ್ಷಕರು ಜೊತೆಗಿಲ್ಲದೆ ಮಕ್ಕಳು ಅದನ್ನು ಮುಟ್ಟಬಾರದು.

ಒಂದೊಂದೂ ಸರಿ, ಸಾಲು ಮಾತ್ರ ಕೆಟ್ಟಿದೆ

ಪ್ರತಿ ಸೆಲ್ ಲೋಡಿನ ಪರೀಕ್ಷೆ ಪಾಸಾದ ಮೇಲೆ ಸಾಲಿಗೆ ಬನ್ನಿ. ಮೊದಲನೆಯದರ ತಾಮ್ರ ಎರಡನೆಯದರ ಸತುವಿಗೆ, ಎರಡನೆಯದರ ತಾಮ್ರ ಮೂರನೆಯದರ ಸತುವಿಗೆ. ಒಂದು ಸೆಲ್ ಉಲ್ಟಾ ಆದರೆ ಅದರ ವೋಲ್ಟ್ ಕೂಡುವ ಬದಲು ಕಳೆಯುತ್ತದೆ. ನಾಲ್ಕರಲ್ಲಿ ಒಂದು ಉಲ್ಟಾ ಇದ್ದರೆ 3.6ರ ಬದಲು 1.8 ಬರುತ್ತದೆ. ಸರಿಯಾಗಿ ಅರ್ಧ ಕಂಡರೆ ಮೊದಲು ಇದನ್ನೇ ನೋಡಿ.

ನಾಲ್ಕು ಜೋಡಿ ಲೋಹವನ್ನು ಒಂದೇ ತಟ್ಟೆಯ ರಸದಲ್ಲಿ ಅಥವಾ ಒಂದೇ ದೊಡ್ಡ ಹಣ್ಣಿನಲ್ಲಿ ಚುಚ್ಚಿದರೆ ನಾಲ್ಕು ಸೆಲ್ ಆಗುವುದಿಲ್ಲ. ರಸ ಒಂದೇ ಆದ್ದರಿಂದ ಹೆಚ್ಚುಕಡಿಮೆ ಒಂದೇ ಸೆಲ್ಲಿನ ವೋಲ್ಟ್ ಸಿಗುತ್ತದೆ. ಪ್ರತಿ ಜೋಡಿಗೆ ಬೇರೆ ಲೋಟ ಬೇಕು. ಆ ಲೋಟಗಳ ಕೆಳಗೆ ಮೇಜು ಒಣಗಿರಬೇಕು. ಚೆಲ್ಲಿದ ಉಪ್ಪು ನೀರು ಲೋಟದ ಹೊರಮೈಯಿಂದ ಇಳಿದು ಪಕ್ಕದ ಲೋಟದವರೆಗೆ ಹರಿದಿದ್ದರೆ ಅಲ್ಲೊಂದು ಕಳ್ಳದಾರಿ ಆಗುತ್ತದೆ. ವೋಲ್ಟಾ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದ್ದ ಕಂಬದಲ್ಲೂ ಇದೇ ಆಗುತ್ತಿತ್ತು. ಮೇಲಿನ ತೂಕಕ್ಕೆ ಕೆಳಗಿನ ಬಟ್ಟೆ ಹಿಂಡಿ, ಉಪ್ಪು ನೀರು ಬದಿಯಿಂದ ಇಳಿದು ಶಾರ್ಟ್ ಆಗುತ್ತಿತ್ತು. ನೀವು ತಗಡು, ಬಟ್ಟೆ ಪೇರಿಸಿ ಮಾಡುವವರಾದರೆ ಬಟ್ಟೆಯನ್ನು ಚೆನ್ನಾಗಿ ಹಿಂಡಿ ಹಾಕಿ. ಒದ್ದೆ ಇರಲಿ, ತೊಟ್ಟಿಕ್ಕಬಾರದು. ಬಟ್ಟೆ ತಗಡಿಗಿಂತ ಸ್ವಲ್ಪ ಚಿಕ್ಕದಿರಲಿ.

ಜೋಡಣೆ ಸರಿ ಕಂಡರೂ ವೋಲ್ಟ್ ಏರಿಳಿಯುತ್ತಿದ್ದರೆ ಕ್ಲಿಪ್ಪುಗಳನ್ನು ನೋಡಿ. ಅಗ್ಗದ ಕ್ರೊಕೊಡೈಲ್ ಕ್ಲಿಪ್ಪಿನಲ್ಲಿ ತಂತಿಯನ್ನು ಬೆಸುಗೆ ಹಾಕಿರುವುದಿಲ್ಲ, ಸುಮ್ನೆ ಮಡಚಿ ಒತ್ತಿರುತ್ತಾರೆ. ರಬ್ಬರ್ ತೊಗಟೆ ಸರಿಸಿದರೆ ಎಳೆಗಳು ಕಿತ್ತು ಬಂದಿರುವುದು ಕಾಣುತ್ತದೆ. ಕಾರವಾರದ ಗಾಳಿಗೆ ಒಂದು ಮಳೆಗಾಲದೊಳಗೆ ಕ್ಲಿಪ್ಪಿನ ಹಲ್ಲಿಗೆ ತುಕ್ಕು ಬರುತ್ತದೆ. ಮೀಟರಿನ ಬೀಪ್ ಜಾಗದಲ್ಲಿಟ್ಟು ಪ್ರತಿ ತಂತಿಯನ್ನೂ ಅಲ್ಲಾಡಿಸುತ್ತಾ ಪರೀಕ್ಷಿಸಿ. ಬೀಪ್ ಕಡಿದು ಕಡಿದು ಬಂದರೆ ಆ ತಂತಿ ಪಕ್ಕಕ್ಕಿಡಿ. ಕ್ಲಿಪ್ಪು ರಸದಲ್ಲಿ ಮುಳುಗಬಾರದು. ಮುಳುಗಿದರೆ ಅದರ ಲೋಹವೂ ಆಟಕ್ಕೆ ಸೇರಿಕೊಂಡು ಲೆಕ್ಕ ಕೆಡಿಸುತ್ತದೆ.

ಹತ್ತಬೇಕಾದದ್ದರಲ್ಲೇ ದೋಷ ಇದ್ದರೆ

ಎಲ್ಇಡಿಯ ಉದ್ದನೆಯ ಕಾಲು ಪ್ಲಸ್, ಅದು ತಾಮ್ರದ ಕಡೆಗೆ. ಕಾಲು ಕತ್ತರಿಸಿದ್ದರೆ ಅಂಚು ನೋಡಿ. ಚಪ್ಪಟೆ ಇರುವ ಬದಿ ಮೈನಸ್. ಉಲ್ಟಾ ಹಾಕಿದರೆ ಹತ್ತುವುದಿಲ್ಲ. 3 ವೋಲ್ಟಿನ ಸಿಆರ್ 2032 ಗುಂಡಿ ಸೆಲ್ಲಿಗೆ ಒಂದು ಕ್ಷಣ ತಾಗಿಸಿದರೆ ಎಲ್ಇಡಿ ಸರಿ ಇದೆಯೇ, ಯಾವ ಬಣ್ಣದ್ದು ಎರಡೂ ತಿಳಿಯುತ್ತದೆ. ಬಣ್ಣ ಮುಖ್ಯ. ಕೆಂಪಿಗೆ ಸುಮಾರು 1.8 ವೋಲ್ಟ್ ಸಾಕು. ಬಿಳಿ, ನೀಲಿಗೆ ಸುಮಾರು 3 ವೋಲ್ಟ್ ಬೇಕು. ಎರಡು ನಿಂಬೆಯಲ್ಲಿ ಬಿಳಿ ಎಲ್ಇಡಿ ಹತ್ತಿಸಲು ಹೊರಟರೆ ಯಾವ ರಿಪೇರಿಯೂ ಉಪಯೋಗಕ್ಕೆ ಬರುವುದಿಲ್ಲ. ಕೆಂಪಿಗೂ ಮೂರು ಸೆಲ್ ಇಡಿ, ಬಿಳಿಗೆ ಐದು. ನೋಡುವಾಗ ಕೈಯಿಂದ ಮರೆ ಮಾಡಿ, ಇಲ್ಲವೇ ಕೋಣೆ ಕತ್ತಲು ಮಾಡಿ.

ಹಳೆಯ ಟಾರ್ಚಿನ ಬಲ್ಬು ಹತ್ತುವುದಿಲ್ಲ. ಅದಕ್ಕೆ ಸುಮಾರು 300 ಮಿಲಿಆಂಪ್ ಬೇಕು, ನಿಂಬೆ ಸಾಲು 1 ಮಿಲಿಆಂಪ್ ಕೊಟ್ಟರೆ ಹೆಚ್ಚು. ಮೊಬೈಲ್ ಚಾರ್ಜ್ ಆಗುವುದೂ ಇಲ್ಲ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದಾಗ ಇದರಿಂದ ಮನೆಗೆ ಬೆಳಕು ಮಾಡಬಹುದು ಎನ್ನುವ ವಿಡಿಯೊಗಳನ್ನು ನಂಬಿ ಮಕ್ಕಳು ನಿರಾಸೆಪಡುವುದು ನೋಡಿದರೆ ಬೇಸರವಾಗುತ್ತದೆ. ಅಲ್ಲಿ ದೋಷ ಬ್ಯಾಟರಿಯದ್ದಲ್ಲ, ವಿಡಿಯೊದ್ದು.

ಅಂಕಿ ತೋರಿಸುವ ಸಣ್ಣ ಡಿಜಿಟಲ್ ಗಡಿಯಾರ ಎರಡು ಸೆಲ್ಲಿನಲ್ಲಿ ಆರಾಮಾಗಿ ನಡೆಯುತ್ತದೆ. ಅದಕ್ಕೆ ಬೇಕಾದ ಕರೆಂಟ್ ಅತಿ ಕಡಿಮೆ. ಮುಳ್ಳಿನ ಗೋಡೆ ಗಡಿಯಾರ ಮಾತ್ರ ಸತಾಯಿಸುತ್ತದೆ. ಸೆಕೆಂಡ್ ಮುಳ್ಳು ನಡುಗುತ್ತದೆ, ಮುಂದೆ ಹೋಗುವುದಿಲ್ಲ. ಅದರ ಮೋಟರ್ ಪ್ರತಿ ಸೆಕೆಂಡಿಗೆ ಒಮ್ಮೆ ಒಂದು ಕ್ಷಣ ಮಾತ್ರ ಕೆಲವು ಮಿಲಿಆಂಪ್ ಎಳೆಯುತ್ತದೆ. ಆ ಕ್ಷಣದಲ್ಲಿ ಸೆಲ್ಲಿನ ವೋಲ್ಟ್ ಕುಸಿಯುತ್ತದೆ. ಗಡಿಯಾರದ ಪ್ಲಸ್ ಮೈನಸ್ ನಡುವೆ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. ಅದರ ಮೈಮೇಲೆ ಮೈನಸ್ ಪಟ್ಟೆ ಇರುವ ಕಾಲು ಸತುವಿನ ಕಡೆಗೆ. ಸೆಕೆಂಡಿನ ಉಳಿದ ಹೊತ್ತಿನಲ್ಲಿ ಅದು ತುಂಬಿಕೊಂಡು, ಮುಳ್ಳು ಹೆಜ್ಜೆ ಇಡುವಾಗ ಕರೆಂಟ್ ಕೊಡುತ್ತದೆ. ಆಗಲೂ ನಡೆಯದಿದ್ದರೆ ಸೆಲ್ಲಿನ ಜೊತೆ ಇನ್ನೊಂದು ಸೆಲ್ಲನ್ನು ಸಮಾಂತರವಾಗಿ ಕಟ್ಟಿ, ತಾಮ್ರಕ್ಕೆ ತಾಮ್ರ, ಸತುವಿಗೆ ಸತು. ವೋಲ್ಟ್ ಅಷ್ಟೇ ಇರುತ್ತದೆ, ಕರೆಂಟ್ ಕೊಡುವ ಶಕ್ತಿ ಹೆಚ್ಚುತ್ತದೆ.

ಮುಗಿದ ಮೇಲೆ

ಬಳಸಿದ ಹಣ್ಣು, ಆಲೂಗಡ್ಡೆ, ರಸದಲ್ಲಿ ಕರಗಿದ ಸತು ಇರುತ್ತದೆ, ಸ್ವಲ್ಪ ತಾಮ್ರವೂ ಇರಬಹುದು. ಚೆನ್ನಾಗಿ ಕಾಣುತ್ತದೆಂದು ಉಪ್ಪಿನಕಾಯಿಗೆ, ಶರಬತ್ತಿಗೆ ಹಾಕಬೇಡಿ. ದನಕ್ಕೆ ಕೊಡುವ ಕಲಗಚ್ಚಿನ ಬಾಲ್ದಿಗೂ ಹಾಕಬೇಡಿ. ಇದನ್ನು ಮನೆಯ ಎಲ್ಲರಿಗೂ ಮೊದಲೇ ಹೇಳಿಡಿ, ಅಡುಗೆಮನೆಯಲ್ಲಿ ಬಿಟ್ಟ ನಿಂಬೆ ತಾನಾಗಿ ಅಲ್ಲಿಗೆ ಹೋಗುತ್ತದೆ. ಸತು ಮತ್ತು ತಾಮ್ರವನ್ನು ಸಾದಾ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಬೇರೆಬೇರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಒದ್ದೆಯಲ್ಲಿ ಎರಡನ್ನೂ ಒಟ್ಟಿಗೆ ಇಟ್ಟರೆ ಡಬ್ಬಿಯೊಳಗೆ ಸತು ಸವೆಯುತ್ತಲೇ ಇರುತ್ತದೆ.